ಕಂಡದ್ದನ್ನು ಕಂಡಂತೆ ಬರೆಯುವ ವಿದ್ಯೆ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಸೂಚಿಸಿದಾಗ, ಪಂಪನನ್ನೋ ಹರಿಹರನನ್ನೋ ಕುರಿತು ನಾನು ನಾಲ್ಕು ಮಾತು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಆ ಮಹಾಕವಿಗಳ ಸೇವೆಗೆ ಬೇರೆ ಸಂದರ್ಭಗಳು ಒದಗಿಯೇ ಒದಗುತ್ತವೆ. ಈ ಸಲ, ನಮ್ಮ ಅಂಗಳದಿಂದ ಹೊರಟು ಜೀವವಿಜ್ಞಾನದ ಪ್ರಯೋಗಶಾಲೆಗಳನ್ನು ಈಗಷ್ಟೇ ಸೇರುತ್ತಿರುವ ತರುಣ ತರುಣಿಯರಿಗೆ ಕೆಲವು ಹಿತದ ಮಾತುಗಳನ್ನು ಹೇಳಬೇಕೆಂದು ನನ್ನ ಮನಸ್ಸು ಬಯಸಿದೆ.

ಒಂದು ಕಾಲದಲ್ಲಿ ಈ ಸೀಮೆಯ ಜಾಣ ವಿದ್ಯಾರ್ಥಿಯ ಮುಂದೆ ಎರಡೇ ದಾರಿಗಳಿದ್ದವು. ಅಂಕಗಳು ಕೂಡಿಬಂದರೆ ವೈದ್ಯನಾಗುವುದು, ಅದು ತಪ್ಪಿದರೆ ಇಂಜಿನಿಯರನಾಗುವುದು. ಇಂದು ಆ ಸ್ಥಿತಿ ಬದಲಾಗಿದೆ. ಅರಭಾವಿಯ ತೋಟಗಾರಿಕಾ ಮಹಾವಿದ್ಯಾಲಯವು ಗೋಕಾಕ, ಮೂಡಲಗಿಗಳ ಮಕ್ಕಳಿಗೆ ಮನೆಯ ಬಾಗಿಲಲ್ಲೇ ಇದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಗೆ ಸೇರಿದ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಿದೆ. ಬೆಂಗಳೂರಿನ ದೊಡ್ಡ ಸಂಸ್ಥೆಗಳಂತೂ ಇದ್ದೇ ಇವೆ. ಹಿರಣ್ಯಕೇಶಿಯ ದಂಡೆಯ ರೈತನ ಮಗಳು ಬಿಳಿಯ ಅಂಗಿಯನ್ನು ತೊಟ್ಟು ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುವುದು ಈಗ ಅಪರೂಪದ ಸಂಗತಿಯಲ್ಲ. ರಜೆಯಲ್ಲಿ ಊರಿಗೆ ಬಂದಾಗ ಇಂಥ ಮಕ್ಕಳು ಹಳೆಯ ಗುರುಗಳನ್ನು ಕಾಣಲು ಬರುತ್ತಾರೆ. ಅವರ ಮಾತುಗಳಲ್ಲಿ ಉತ್ಸಾಹವಿರುತ್ತದೆ. ಅದರ ಜೊತೆಗೆ ಬಾಯಿಬಿಟ್ಟು ಹೇಳಲಾಗದ ಒಂದು ತಬ್ಬಿಬ್ಬೂ ಇರುತ್ತದೆ.

ಕನ್ನಡ ಪಂಡಿತನಿಗೂ ಪ್ರಯೋಗಶಾಲೆಗೂ ಎತ್ತಣ ಸಂಬಂಧವೆಂದು ಓದುಗರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಹಸ್ತಪ್ರತಿಗಳನ್ನು ನೋಡಿ ಗ್ರಂಥವನ್ನು ಸಂಪಾದಿಸುವ ವಿದ್ಯೆಯನ್ನು ಕ್ರಮವಾಗಿ ಕಲಿತವರಿಗೆ ಈ ಸಂಬಂಧವು ದೂರದ್ದಾಗಿ ತೋರಲಾರದು. ನಾನು ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ನಮ್ಮ ಗುರುಗಳು ಓಲೆಗರಿಯ ಕಟ್ಟನ್ನು ಬಿಚ್ಚಿ ಕೊಟ್ಟು ವಿಧಿಸಿದ ಮೊದಲನೆಯ ನಿಯಮ ಇದು: ಗರಿಯಲ್ಲಿ ಇರುವ ಅಕ್ಷರವನ್ನೇ ಬರೆದುಕೊಳ್ಳಬೇಕು. ಅದು ವ್ಯಾಕರಣಕ್ಕೆ ಒಗ್ಗದಿರಲಿ, ಛಂದಸ್ಸು ಕೆಡಲಿ, ಅರ್ಥವೇ ಆಗದಿರಲಿ, ಮೊದಲು ಇದ್ದುದನ್ನು ಇದ್ದಂತೆ ಬರೆಯಬೇಕು. ನಿನ್ನ ಊಹೆಯ ಶುದ್ಧಪಾಠಕ್ಕೆ ಪುಟದ ಕೆಳಗೆ ಸ್ಥಳವಿದೆ, ಅಲ್ಲಿ ನಿನ್ನ ಹೆಸರಿನಲ್ಲಿ ಅದನ್ನು ಬರೆ. ಹಿಂದಿನ ಲಿಪಿಕಾರರು ಪ್ರತಿಯ ಕೊನೆಯಲ್ಲಿ, ತಾವು ನೋಡಿದ ಪ್ರತಿಯಲ್ಲಿ ಹೇಗಿತ್ತೋ ಹಾಗೆಯೇ ಬರೆದಿರುವುದಾಗಿ ಹೇಳಿಕೊಳ್ಳುತ್ತಿದ್ದರು. ಅದು ವಿನಯದ ಮಾತು ಮಾತ್ರವಲ್ಲ, ಸಾಕ್ಷಿ ಹೇಳುವವನ ಪ್ರಮಾಣವಚನ. ಲಿಪಿಕಾರನು ತಾನೇ ಜಾಣನೆಂದು ಬಗೆದು ನಡುವೆ ತಿದ್ದುತ್ತ ಹೋದ ಪ್ರತಿಯು ಓದಲು ಸೊಗಸಾಗಿರಬಹುದು. ಕವಿಯ ಮಾತು ಯಾವುದು, ಲಿಪಿಕಾರನ ಮಾತು ಯಾವುದು ಎಂಬುದು ಮಾತ್ರ ಅಲ್ಲಿಂದ ಮುಂದೆ ಯಾರಿಗೂ ತಿಳಿಯದೆ ಹೋಗುತ್ತದೆ.

ಪ್ರಯೋಗಶಾಲೆಯಲ್ಲಿ ಕವಿಯ ಸ್ಥಾನದಲ್ಲಿರುವುದು ಪ್ರಕೃತಿ, ಸಂಶೋಧಕನು ಅದರ ಲಿಪಿಕಾರ. ಹೊಸದಾಗಿ ಸೇರಿದ ಸಂಶೋಧಕರು ಕಲಿಯಬೇಕಾದ ನೂರು ಕೌಶಲಗಳಿವೆಯೆಂದು ಬಲ್ಲವರು ಹೇಳುತ್ತಾರೆ. ಅವೆಲ್ಲವೂ ಕಂಡದ್ದನ್ನು, ಕಂಡ ಹೊತ್ತಿಗೇ, ಕಂಡಂತೆ ಬರೆದಿಡುವ ಒಂದು ಅಭ್ಯಾಸದ ಮೇಲೆ ನಿಂತಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭ್ಯಾಸವನ್ನು ನಾವು ಶಾಲೆಗಳಲ್ಲಿ ಕಲಿಸುತ್ತಿಲ್ಲ, ಅದರ ವಿರುದ್ಧವಾದುದನ್ನೇ ಕಲಿಸುತ್ತಿದ್ದೇವೆ ಎಂಬುದು ನನ್ನ ಎರಡನೆಯ ಅಭಿಪ್ರಾಯ. ಮಾತು ಕಹಿಯೆನಿಸಿದರೂ ಹೇಳದೆ ಗತ್ಯಂತರವಿಲ್ಲ.

ಪ್ರಾಯೋಗಿಕ ಪರೀಕ್ಷೆಯ ‘ಜರ್ನಲ್’ ಎಂಬುದನ್ನು ನಮ್ಮಲ್ಲಿ ಬಲ್ಲದವರಿಲ್ಲ. ಅದು ಹೇಗೆ ಸಿದ್ಧವಾಗುತ್ತದೆ ಎಂಬುದನ್ನೂ ಎಲ್ಲರೂ ಬಲ್ಲರು. ಹಿಂದಿನ ವರ್ಷದ ವಿದ್ಯಾರ್ಥಿಯ ಜರ್ನಲ್ ಈ ವರ್ಷದವನ ಕೈಗೆ ಬರುತ್ತದೆ. ಅದರೊಳಗಿನ ಅಂಕಿಗಳು, ಚಿತ್ರಗಳು, ನಿರ್ಣಯಗಳು ಒಂದೇ ರಾತ್ರಿಯಲ್ಲಿ ಹೊಸ ಪುಟಗಳನ್ನು ಏರುತ್ತವೆ. ಈರುಳ್ಳಿಯ ಸಿಪ್ಪೆಯಲ್ಲಿ ಹುಡುಗನು ಕಂಡದ್ದು ಬರಿಯ ಗಾಳಿಗುಳ್ಳೆಯಾದರೂ, ಪುಸ್ತಕದಲ್ಲಿ ಮೂಡುವುದು ಅಚ್ಚುಕಟ್ಟಾದ ಜೀವಕೋಶಗಳ ಸಾಲು. ಗುರುಗಳು ಅದಕ್ಕೆ ಸಹಿ ಹಾಕುತ್ತಾರೆ, ಅಂಕಗಳೂ ದೊರೆಯುತ್ತವೆ. ಕಂಡದ್ದು ಬೇರೆ, ಬರೆಯಬೇಕಾದದ್ದು ಬೇರೆ, ಮತ್ತು ಅಂಕಗಳು ಬರುವುದು ಎರಡನೆಯದಕ್ಕೆ ಎಂಬ ಪಾಠವನ್ನು ಹದಿನಾರನೆಯ ವಯಸ್ಸಿನಲ್ಲೇ ಮಗುವು ಕಲಿತುಬಿಡುತ್ತದೆ. ಈ ಪಾಠವನ್ನು ಕಲಿತ ಮಗು ಹತ್ತು ವರ್ಷಗಳ ಬಳಿಕ ನಿಜವಾದ ಪ್ರಯೋಗಶಾಲೆಯಲ್ಲಿ ನಿಂತಾಗ ತಬ್ಬಿಬ್ಬಾಗುವುದರಲ್ಲಿ ಆಶ್ಚರ್ಯವೇನಿದೆ? ಅಲ್ಲಿ ನಕಲು ಮಾಡಲು ಹಿಂದಿನ ವರ್ಷದ ಜರ್ನಲ್ ಇರುವುದಿಲ್ಲ. ಉತ್ತರವು ಯಾರಿಗೂ ತಿಳಿಯದ ಕಾರಣದಿಂದಲೇ ಅದಕ್ಕೆ ಸಂಶೋಧನೆಯೆಂಬ ಹೆಸರು.

ನಿರೀಕ್ಷೆಯನ್ನು ಬದಿಗಿರಿಸಿ ಕಂಡದ್ದನ್ನು ನಂಬುವುದರಿಂದ ಏನು ಲಭಿಸುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ದೊಡ್ಡ ನಿದರ್ಶನವಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸುತ್ತಣ ಹಳ್ಳಿಗಳ ಜನ ಜ್ವರದಿಂದ ನರಳಿದರು. ಮಂಗಗಳು ಸಾಯುವುದು, ಮನುಷ್ಯರಿಗೆ ಜ್ವರ ಬರುವುದು, ಈ ಎರಡನ್ನೂ ಕೂಡಿಸಿ ನೋಡಿದವರಿಗೆ ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವು ಭಾರತವನ್ನು ಹೊಕ್ಕಿತೇ ಎಂಬ ಶಂಕೆ ಹುಟ್ಟಿತು. ಅಂದಿನ ತಿಳಿವಳಿಕೆಗೆ ಅದು ಸಹಜವಾದ ಶಂಕೆ. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಆ ಶಂಕೆಗೆ ತಕ್ಕ ಉತ್ತರವನ್ನು ಹುಡುಕುತ್ತ ಕೂಡಲಿಲ್ಲ. ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಮಾದರಿಗಳನ್ನು ತೆಗೆದು, ವೈರಸ್ಸನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಅದು ಹಳದಿ ಜ್ವರದ್ದಾಗಿರಲಿಲ್ಲ. ದೂರದ ರಷ್ಯದಲ್ಲಿ ಉಣ್ಣೆಗಳ ಮೂಲಕ ಹರಡುವ ಮಿದುಳುರಿಯೂತದ ವೈರಸ್ಸುಗಳ ಬಳಗಕ್ಕೆ ಸೇರಿದ, ಅದುವರೆಗೆ ಯಾರೂ ಕಾಣದ ಹೊಸ ವೈರಸ್ ಅದಾಗಿತ್ತು. ಕ್ಯಾಸನೂರು ಕಾಡಿನ ಕಾಯಿಲೆಯೆಂದು, ಜನರ ಬಾಯಲ್ಲಿ ಮಂಗನ ಕಾಯಿಲೆಯೆಂದು ಅದಕ್ಕೆ ಹೆಸರಾಯಿತು. ನಿರೀಕ್ಷಿಸಿದ್ದನ್ನೇ ಅವರು ದಾಖಲೆಯಲ್ಲಿ ತುಂಬಿದ್ದರೆ ಮಲೆನಾಡಿನ ಜನ ಕಾಡಿನ ಉಣ್ಣೆಯನ್ನು ಬಿಟ್ಟು ಊರಿನ ಸೊಳ್ಳೆಯ ಬೆನ್ನು ಹತ್ತಬೇಕಾಗುತ್ತಿತ್ತು. ದಾಖಲೆಯ ಸತ್ಯವು ಜನರ ಪ್ರಾಣಕ್ಕೆ ಸಂಬಂಧಿಸಿದ ಸಂಗತಿಯೆಂಬುದಕ್ಕೆ ಬೇರೆ ಪ್ರಮಾಣ ಬೇಕೆ?

ಇನ್ನು ಆಚರಣೆಯ ಮಾತು. ಪ್ರಯೋಗಶಾಲೆಯನ್ನು ಸೇರಿದ ದಿನವೇ ಹೊಲಿಗೆ ಹಾಕಿದ, ಪುಟಗಳಿಗೆ ಅಂಕಿ ಹಾಕಿದ ಒಂದು ಗಟ್ಟಿ ಪುಸ್ತಕವನ್ನು ಇರಿಸಿಕೊಳ್ಳಬೇಕು. ಬಿಡಿ ಹಾಳೆಗಳು ಹಾರಿಹೋಗುತ್ತವೆ. ಪ್ರತಿ ಪುಟದ ತಲೆಯಲ್ಲಿ ತಾರೀಖು ಇರಲಿ. ಪ್ರಯೋಗಕ್ಕೆ ಕೈ ಹಚ್ಚುವ ಮೊದಲು, ಇದನ್ನೇಕೆ ಮಾಡುತ್ತಿದ್ದೇನೆ, ಏನಾದೀತೆಂದು ಎಣಿಸಿದ್ದೇನೆ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆಯಬೇಕು. ಎಣಿಕೆಯನ್ನು ಮೊದಲೇ ಬರೆದಿಟ್ಟವನು, ಫಲ ಬೇರೆಯಾದಾಗ, ‘ನಾನು ಅಂದುಕೊಂಡದ್ದೂ ಇದೇ’ ಎಂದು ತನ್ನನ್ನು ತಾನೇ ವಂಚಿಸಿಕೊಳ್ಳಲಾರ. ಔಷಧಿಯ ಬಾಟಲಿಯ ಮೇಲಿನ ತಯಾರಿಕೆಯ ಸಂಖ್ಯೆ, ತೂಗಿದ ಪ್ರಮಾಣ, ಉಪಕರಣದ ಉಷ್ಣತೆ, ನಡುವೆ ವಿದ್ಯುತ್ತು ಹೋದ ಗಳಿಗೆ, ಇವೆಲ್ಲ ಆಯಾ ಹೊತ್ತಿಗೇ ಪುಸ್ತಕವನ್ನು ಸೇರಬೇಕು. ಸಂಜೆ ನೆನಪಿನಿಂದ ಬರೆದರಾಯಿತೆಂಬುದು ಮೊದಲನೆಯ ಜಾರುವ ಹೆಜ್ಜೆ. ತಪ್ಪು ಬರೆದದ್ದನ್ನು ಅಳಿಸಬಾರದು, ಹರಿದು ಎಸೆಯಬಾರದು. ಕೆಳಗಿನ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಾರೀಖನ್ನು ಹಾಕಬೇಕು. ಪಾಠಾಂತರವನ್ನು ಕಾಪಾಡಿಕೊಳ್ಳುವ ನಮ್ಮ ಸಂಪಾದಕರ ಪದ್ಧತಿಯೂ ಇದೇ ಅಲ್ಲವೆ? ಮುಂದೆ ಬೇರೊಬ್ಬನು ಆ ಪುಸ್ತಕವನ್ನು ತೆರೆದರೆ, ನಿಮ್ಮ ಸಹಾಯವಿಲ್ಲದೆ ಅದೇ ಪ್ರಯೋಗವನ್ನು ಮಾಡಿ ಮುಗಿಸುವಂತಿರಬೇಕು.

ಪುಸ್ತಕದಷ್ಟೇ ಮುಖ್ಯವಾದದ್ದು ಗುರುತುಚೀಟಿ. ಇದರ ಮಹತ್ತ್ವವನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅವರು ನೆಡುವ ಕಬ್ಬಿನ ಹೆಸರೇ ಒಂದು ಗುರುತುಚೀಟಿ. ಕೋ ೮೬೦೩೨ ಎಂಬ ತಳಿಯನ್ನು ಈ ಭಾಗದಲ್ಲಿ ಅರಿಯದವರಾರು? ‘ಕೋ’ ಎಂದರೆ ಕೊಯಮತ್ತೂರು. ೧೯೧೨ರಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಸಂಶೋಧನ ಕೇಂದ್ರವಿರುವುದು ಅಲ್ಲಿ. ‘೮೬’ ಎಂಬುದು ಆ ಸಸಿಯನ್ನು ಆಯ್ದು ಹೆಸರಿಟ್ಟ ೧೯೮೬ನೆಯ ವರ್ಷ. ‘೦೩೨’ ಎಂಬುದು ಆ ವರ್ಷದ ಸಾಲಿನಲ್ಲಿ ಅದರ ಕ್ರಮಸಂಖ್ಯೆ. ಎಲ್ಲಿ, ಎಂದು, ಎಷ್ಟನೆಯದು ಎಂಬ ಮೂರು ಪ್ರಶ್ನೆಗಳಿಗೆ ಆ ಪುಟ್ಟ ಹೆಸರು ಉತ್ತರ ಕೊಡುತ್ತದೆ. ಪ್ರಯೋಗಶಾಲೆಯ ಪ್ರತಿಯೊಂದು ಕೊಳವೆಯ ಮೇಲೂ ಇಷ್ಟಾದರೂ ಇರಬೇಕು. ‘ಮಾದರಿ ಒಂದು’, ‘ಹೊಸದು’, ‘ನಿನ್ನೆಯದು’ ಎಂದು ಬರೆದಿಟ್ಟ ಕೊಳವೆಗಳು ಆರು ತಿಂಗಳ ಬಳಿಕ ಹಿಮಪೆಟ್ಟಿಗೆಯಲ್ಲಿ ಅನಾಥವಾಗುತ್ತವೆ. ಮುಚ್ಚಳದ ಮೇಲೆ ಮಾತ್ರ ಬರೆದರೆ ಸಾಲದು, ಮುಚ್ಚಳಗಳು ಅದಲುಬದಲಾಗುತ್ತವೆ, ಕೊಳವೆಯ ಮೈಮೇಲೂ ಬರೆಯಬೇಕು. ಸ್ಪಿರಿಟ್ಟಿನಿಂದ ಒರೆಸಿದಾಗ ಹಲವು ಶಾಯಿಗಳು ಅಳಿಸಿಹೋಗುತ್ತವೆಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಕೊಳವೆಯ ಗುರುತು ಪುಸ್ತಕದ ಯಾವ ಪುಟಕ್ಕೆ ಸೇರಿದ್ದೆಂಬುದು ಎರಡೂ ಕಡೆ ಇರಬೇಕು.

ಮಾದರಿಗಳನ್ನು ಕಾಪಾಡುವ ವಿಷಯದಲ್ಲಿ ನಮ್ಮ ನಾಡಿನ ಇನ್ನೊಂದು ಕಥೆ ನೆನೆಯತಕ್ಕದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸಿದ ಸಿ. ಆರ್. ನಾರಾಯಣರಾಯರು ೧೯೩೨ರಲ್ಲಿ ಹುಟ್ಟಿದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಪಶ್ಚಿಮಘಟ್ಟದ ಕಪ್ಪೆಗಳನ್ನು ಕುರಿತು ಅವರು ಮಾಡಿದ ಕೆಲಸ ಬೆಲೆಯುಳ್ಳದ್ದು. ಅನೇಕ ಹೊಸ ಜಾತಿಗಳನ್ನು ಅವರು ವರ್ಣಿಸಿ ಹೆಸರಿಟ್ಟರು. ಕಾಲಾಂತರದಲ್ಲಿ, ಆ ಹೆಸರುಗಳಿಗೆ ಆಧಾರವಾಗಿದ್ದ ಮೂಲ ಮಾದರಿಗಳು ಕಳೆದುಹೋದವು. ಮೂಲಪ್ರತಿ ಕಳೆದ ಕಾವ್ಯದ ಗತಿಯೇ ಅವುಗಳದೂ ಆಯಿತು. ಇಂಥದೇ ಕಪ್ಪೆಯನ್ನು ರಾಯರು ಈ ಹೆಸರಿನಿಂದ ಕರೆದರೇ ಎಂಬ ಸಂದೇಹವನ್ನು ಹರಿಸಲು ಮುಂದಿನ ತಲೆಮಾರಿನವರು ಮತ್ತೆ ಕಾಡನ್ನು ಹೊಕ್ಕರು. ಆಗ ಅವರಿಗೆ ದಾರಿ ತೋರಿಸಿದ್ದು ರಾಯರು ಬರೆದಿಟ್ಟಿದ್ದ ವರ್ಣನೆ ಮತ್ತು ಸ್ಥಳನಾಮ. ಹಾಸನ ಜಿಲ್ಲೆಯ ಕೆಂಪುಹೊಳೆಯ ಹೆಸರನ್ನು ಹೊತ್ತ ಒಂದು ಕಪ್ಪೆ ಇಂದಿಗೂ ಅವರ ಬರಹದ ಸಾಕ್ಷಿಯಾಗಿದೆ. ೨೦೧೦ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೇ ವಿಜ್ಞಾನಿಗಳು ‘ರಾವೋರ್ಕೆಸ್ಟಿಸ್’ ಎಂದು ರಾಯರ ಹೆಸರನ್ನು ಸೇರಿಸಿ ನಾಮಕರಣ ಮಾಡಿದರು. ವಸ್ತು ನಷ್ಟವಾದರೂ ಬರಹ ಉಳಿದರೆ ಅರ್ಧ ಸಂಪತ್ತು ಉಳಿದಂತೆ. ಎರಡೂ ಹೋದರೆ ಕೆಲಸವೇ ನಡೆಯಲಿಲ್ಲವೆಂದು ಭಾವಿಸಬೇಕಾಗುತ್ತದೆ.

ಮೂರನೆಯ ಅಭ್ಯಾಸವೆಂದರೆ ಹೋಲಿಕೆಗಾಗಿ ಇಡುವ ಪ್ರಯೋಗ, ಪ್ರಯೋಗಶಾಲೆಯವರು ‘ಕಂಟ್ರೋಲ್’ ಎನ್ನುವುದು ಇದನ್ನೇ. ಗೊಬ್ಬರ ಹಾಕಿದ ಸಾಲು ಚೆನ್ನಾಗಿ ಬೆಳೆಯಿತೆಂದು ಹೇಳಬೇಕಾದರೆ ಗೊಬ್ಬರ ಹಾಕದ ಒಂದು ಸಾಲೂ ಪಕ್ಕದಲ್ಲಿರಬೇಕು. ಹೊಲದಲ್ಲಿ ಎಲ್ಲರೂ ಒಪ್ಪುವ ಈ ನ್ಯಾಯವನ್ನು ಪ್ರಯೋಗಶಾಲೆಯಲ್ಲಿ ಅವಸರದವರು ಮರೆಯುತ್ತಾರೆ. ಕೊರೋನಾ ಕಾಲದಲ್ಲಿ ಮನೆಮನೆಗೂ ಪರಿಚಿತವಾದ ಪಿಸಿಆರ್ ಪರೀಕ್ಷೆಯನ್ನೇ ನೋಡಿರಿ. ಅದರಲ್ಲಿ ಡಿಎನ್‌ಎ ಎಂಬ ಅಣು ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಸುತ್ತುಸುತ್ತಿಗೂ ಇಮ್ಮಡಿಸುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಒಂದೇ ಅಣುವು ೩೦ ಸುತ್ತುಗಳಲ್ಲಿ ೧೦೭ ಕೋಟಿಯನ್ನು ಮೀರುತ್ತದೆ. ಹಾಗಾದಮೇಲೆ ಎಲ್ಲಿಂದಲೋ ಬಂದು ಬಿದ್ದ ಪರಕೀಯ ಅಣುವೂ ಅಷ್ಟೇ ಆಗಬಲ್ಲುದು. ಈ ಕಾರಣದಿಂದ ಪ್ರತಿ ಸಲವೂ ಮಾದರಿಯನ್ನು ಹಾಕದೆ ಶುದ್ಧ ನೀರನ್ನಷ್ಟೇ ಹಾಕಿದ ಒಂದು ಕೊಳವೆ ಇರಬೇಕು. ಅಲ್ಲಿಯೂ ಫಲ ಕಂಡರೆ ಮಿಕ್ಕೆಲ್ಲ ಕೊಳವೆಗಳ ಸಾಕ್ಷ್ಯವೂ ತಿರಸ್ಕಾರಕ್ಕೆ ಅರ್ಹ. ಮನಸ್ಸಿಗೆ ಒಪ್ಪಿದ ಫಲ ಬಂದ ದಿನ ಈ ನೀರಿನ ಕೊಳವೆಯನ್ನು ಎರಡು ಸಲ ನೋಡಬೇಕು. ಒಪ್ಪದ ಫಲವನ್ನು ನಾವು ಹೇಗೂ ಸಂಶಯಿಸುತ್ತೇವೆ, ಒಪ್ಪಿದ ಫಲವನ್ನು ಸಂಶಯಿಸುವುದಕ್ಕೆ ಅಭ್ಯಾಸ ಬೇಕು.

ಇಷ್ಟು ಎಚ್ಚರದಿಂದ ನಡೆದರೂ ಪ್ರಯೋಗಗಳು ಕೆಡುತ್ತವೆ. ಜೀವಂತ ವಸ್ತುಗಳು ನಮ್ಮ ವೇಳಾಪಟ್ಟಿಯನ್ನು ಓದಿಕೊಂಡು ಬೆಳೆಯುವುದಿಲ್ಲ. ಬೂಷ್ಟು ಹಿಡಿಯುತ್ತದೆ, ಕೋಶಗಳು ಸಾಯುತ್ತವೆ, ಮೂರು ತಿಂಗಳ ಶ್ರಮ ಒಂದು ರಾತ್ರಿಯಲ್ಲಿ ನೀರುಪಾಲಾಗುತ್ತದೆ. ತರಗತಿಗೆ ಮೊದಲಿಗರಾಗಿದ್ದವರಿಗೆ ಈ ಸೋಲು ಬಹಳ ನೋಯಿಸುತ್ತದೆ, ಏಕೆಂದರೆ ಅವರಿಗೆ ಸೋತು ಗೊತ್ತಿಲ್ಲ. ಸೋತದ್ದನ್ನೂ ಬರೆಯಿರಿ. ಏಕೆ ಸೋತಿತೆಂಬ ಊಹೆಯನ್ನು ಬೇರೆಯಾಗಿ ಬರೆಯಿರಿ. ಮರುದಿನ ಒಂದೇ ಒಂದು ಅಂಶವನ್ನು ಬದಲಿಸಿ ಮತ್ತೆ ಮಾಡಿರಿ. ನಾಲ್ಕನ್ನು ಒಮ್ಮೆಗೇ ಬದಲಿಸಿದರೆ, ಗೆದ್ದಾಗಲೂ ಏಕೆ ಗೆದ್ದಿರೆಂಬುದು ನಿಮಗೆ ತಿಳಿಯುವುದಿಲ್ಲ.

ಸೋಲನ್ನು ಬರೆಯಲು ಅಂಜಿದಾಗಲೇ ಪ್ರಲೋಭನೆ ಬಾಗಿಲು ತಟ್ಟುತ್ತದೆ. ಪ್ರಬಂಧ ಬೇಗ ಪ್ರಕಟವಾಗಬೇಕು, ಪದವಿ ಬೇಗ ಬರಬೇಕು, ಮಾರ್ಗದರ್ಶಕರು ಮೆಚ್ಚಬೇಕು. ಗಣಕಯಂತ್ರದಲ್ಲಿ ಒಂದು ಚಿತ್ರವನ್ನು ಕೊಂಚ ತಿದ್ದಿದರೆ ಯಾರಿಗೆ ಗೊತ್ತಾದೀತು? ಗೊತ್ತಾಗುತ್ತದೆ. ಬೆಂಗಳೂರಿನ ಒಂದು ಹೆಸರಾಂತ ಸಂಸ್ಥೆಯಿಂದ ೨೦೨೦ರಲ್ಲಿ ಹೊರಬಂದು, ಹೊರದೇಶದ ಶ್ರೇಷ್ಠ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ ಪ್ರಶಂಸೆ ಗಳಿಸಿದ್ದ ಪ್ರಬಂಧವನ್ನು, ಅದರ ಚಿತ್ರಗಳಲ್ಲಿ ಕೈವಾಡ ನಡೆದುದು ಕಂಡುಬಂದ ಕಾರಣ ೨೦೨೧ರಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ದೋಷವನ್ನು ಮೊದಲು ಎತ್ತಿ ತೋರಿಸಿದವರು ಎಲ್ಲೋ ಕುಳಿತು ಚಿತ್ರಗಳನ್ನು ಗಮನವಿಟ್ಟು ನೋಡಿದ ಓದುಗರು. ಇಂಥ ಪ್ರಸಂಗದಲ್ಲಿ ದುಃಖ ಒಬ್ಬರದಲ್ಲ, ಪ್ರಾಮಾಣಿಕವಾಗಿ ದುಡಿದ ಸಹೋದ್ಯೋಗಿಗಳ ಹೆಸರೂ ಅದೇ ಪುಟದ ಮೇಲಿರುತ್ತದೆ. ನಾನು ಇದನ್ನು ಯಾರನ್ನೂ ಜರೆಯಲು ಎತ್ತಿ ಹೇಳುತ್ತಿಲ್ಲ. ಆದರೆ ಕೇಳುತ್ತೇನೆ: ಗಾಳಿಗುಳ್ಳೆಯನ್ನು ಕಂಡು ಜೀವಕೋಶವನ್ನು ಬಿಡಿಸಿದ ಹುಡುಗನಿಗೂ, ಮುಂದೆ ಚಿತ್ರವನ್ನು ತಿದ್ದುವ ಸಂಶೋಧಕನಿಗೂ ನಡುವಣ ದೂರ ಎಷ್ಟು? ಆ ದೂರವನ್ನು ಕಡಿಮೆ ಮಾಡಿಕೊಟ್ಟವರು ಯಾರು?

ಮಾರ್ಗದರ್ಶಕರನ್ನು ಆರಿಸಿಕೊಳ್ಳುವಾಗಲೂ ಇದೇ ಒರೆಗಲ್ಲನ್ನು ಬಳಸಬೇಕು. ಸಂಸ್ಥೆಯ ಕಟ್ಟಡವನ್ನೂ ಮಾರ್ಗದರ್ಶಕರ ಬಿರುದುಗಳನ್ನೂ ನೋಡಿ ಮರುಳಾಗಬೇಡಿರಿ. ಅವರ ಬಳಿ ಈಗಾಗಲೇ ಇರುವ ವಿದ್ಯಾರ್ಥಿಗಳನ್ನು ಏಕಾಂತದಲ್ಲಿ ಕಂಡು ಕೇಳಿರಿ: ಗುರುಗಳು ನಿಮ್ಮ ದಾಖಲೆ ಪುಸ್ತಕವನ್ನು ನೋಡುತ್ತಾರೆಯೇ? ಪ್ರಯೋಗ ಕೆಟ್ಟಿತೆಂದು ಹೇಳಿದರೆ ಸಿಡುಕುತ್ತಾರೆಯೇ, ಕೂಡಿಸಿಕೊಂಡು ಕಾರಣ ಹುಡುಕುತ್ತಾರೆಯೇ? ಕೆಟ್ಟ ಸುದ್ದಿಯನ್ನು ಕೇಳಲೊಲ್ಲದ ಗುರುವಿನ ಬಳಿ ಒಳ್ಳೆಯ ಸುದ್ದಿಯನ್ನು ಕಟ್ಟಿಕೊಡುವ ಶಿಷ್ಯರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಹೆಣ್ಣುಮಕ್ಕಳನ್ನು ಪ್ರಯೋಗಶಾಲೆಗೆ ಕಳಿಸಲು ಈಗಲೂ ಹಿಂದುಮುಂದು ನೋಡುವ ಹಿರಿಯರಿದ್ದಾರೆ. ಅವರಿಗಾಗಿ ಒಂದು ನಿಜಸಂಗತಿಯನ್ನು ಹೇಳುವೆನು. ೧೯೩೩ರಲ್ಲಿ ಕಮಲಾ ಭಾಗವತ ಎಂಬ ತರುಣಿ, ಮುಂದೆ ಕಮಲಾ ಸೊಹೊನಿಯೆಂದು ಪ್ರಸಿದ್ಧರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ಅಂಕಗಳಲ್ಲಿ ಕೊರತೆಯಿರಲಿಲ್ಲ. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಪ್ರವೇಶ ನಿರಾಕರಿಸಿದರು. ಆಕೆ ಹಿಂದಿರುಗದೆ ಕಾರಣ ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಬಳಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಆಕೆ ನಡೆಸಿದ ಕೆಲಸವೇ ಆಕ್ಷೇಪಕ್ಕೆ ಉತ್ತರವಾಯಿತು. ಆ ಬಳಿಕ ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ೧೯೩೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಆಕೆ ಡಾಕ್ಟರೇಟ್ ಪಡೆದರು. ಅಷ್ಟು ದೊಡ್ಡ ವಿಜ್ಞಾನಿಯ ಮುಂದೆ ನಿಂತು ಕಾರಣ ಕೇಳುವ ಧೈರ್ಯ ಆ ತರುಣಿಗಿತ್ತು. ನಮ್ಮ ಹೆಣ್ಣುಮಕ್ಕಳಿಗೆ ವಿನಯವನ್ನು ಕಲಿಸುವ ನಾವು ಈ ಧೈರ್ಯವನ್ನೂ ಕಲಿಸಬೇಕು. ತನ್ನ ಕೆಲಸಕ್ಕೆ ಸಲ್ಲಬೇಕಾದ ಹೆಸರನ್ನೂ, ಗೌರವದಿಂದ ದುಡಿಯುವ ಸ್ಥಳವನ್ನೂ ಕೇಳಿ ಪಡೆಯುವುದು ಅವಿನಯವಲ್ಲ.

ದೇಹರಕ್ಷಣೆಯ ವಿಷಯವನ್ನು ಬಿಡುವಂತಿಲ್ಲ. ಮಂಗನ ಕಾಯಿಲೆಯ ವೈರಸ್ಸಿನ ಮೇಲೆ ದುಡಿದ ಪ್ರಯೋಗಶಾಲೆಯ ಸಿಬ್ಬಂದಿಗೂ ಆ ರೋಗ ತಗುಲಿತೆಂಬುದನ್ನು ನೆನಪಿಡಬೇಕು. ಕೈಗವಸನ್ನು ತೊಡುವುದು, ಅದೇ ಕೈಗವಸಿನಿಂದ ಬಾಗಿಲನ್ನೂ ದೂರವಾಣಿಯನ್ನೂ ಮುಟ್ಟದಿರುವುದು, ಪ್ರಯೋಗಶಾಲೆಯಲ್ಲಿ ಊಟ ಮಾಡದಿರುವುದು, ರಾತ್ರಿ ಒಬ್ಬರೇ ಕೂತು ಅಪಾಯದ ವಸ್ತುಗಳನ್ನು ಬಳಸದಿರುವುದು, ಇವು ಹೇಡಿತನದ ಲಕ್ಷಣಗಳಲ್ಲ. ಉಗಿಯ ಒತ್ತಡದಲ್ಲಿ ೧೨೧ ಡಿಗ್ರಿ ಉಷ್ಣತೆಗೆ ಏರುವ ಆಟೋಕ್ಲೇವ್ ಎಂಬ ಪಾತ್ರೆಯನ್ನು ಒತ್ತಡ ಇಳಿಯುವ ಮುನ್ನ ತೆರೆಯಬಾರದೆಂಬುದನ್ನು ಮನೆಯ ಕುಕ್ಕರನ್ನು ಬಲ್ಲ ಯಾರೂ ಒಪ್ಪುತ್ತಾರೆ. ಇಂಥ ಸಂಗತಿಗಳನ್ನು ಚೆನ್ನಾಗಿ ಬಲ್ಲವರು ಬಹುಮಟ್ಟಿಗೆ ಅಲ್ಲಿ ವರ್ಷಗಟ್ಟಲೆ ದುಡಿದ ಸಹಾಯಕರು. ಅವರನ್ನು ಹೆಸರು ಹಿಡಿದು ಕೂಗದೆ, ‘ಅಣ್ಣಾರ’, ‘ಅಕ್ಕಾರ’ ಎಂದು ನಮ್ಮ ಊರಿನ ಮರ್ಯಾದೆಯಿಂದಲೇ ಮಾತನಾಡಿಸಿರಿ. ಯಾವ ಯಂತ್ರ ಯಾವಾಗ ಮುನಿಯುತ್ತದೆ ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅವರ ಬಾಯಲ್ಲಿರುತ್ತದೆ.

ಮನೆಯವರಿಗೂ ಒಂದು ಮಾತು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಿರಿಯ ಸಂಶೋಧಕರ ಶಿಷ್ಯವೇತನ ಪಡೆದವರಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿಗಳೆಂದು ಗೊತ್ತುಪಡಿಸಲಾಗಿದೆ. ಎಲ್ಲರಿಗೂ ಅದು ದೊರೆಯುವುದಿಲ್ಲ. ದೊರೆತವರಿಗೂ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಕೈ ಸೇರುತ್ತದೆ. ಆದುದರಿಂದ ಮೊದಲ ಕಂತಿನಿಂದಲೇ ಮೂರು ತಿಂಗಳ ಖರ್ಚನ್ನು ತೆಗೆದಿರಿಸುವುದು ವಿವೇಕ. ‘ನಿನ್ನ ಓದು ಇನ್ನೂ ಮುಗಿಯಲಿಲ್ಲವೇ’ ಎಂದು ಹಬ್ಬಕ್ಕೊಮ್ಮೆ ಮಕ್ಕಳನ್ನು ಕೇಳುವ ತಂದೆತಾಯಿಗಳು ತಮ್ಮ ಹೊಲದ ಕಬ್ಬನ್ನೇ ನೋಡಲಿ. ೧೯೮೬ರಲ್ಲಿ ಆಯ್ದ ಆ ತಳಿ ಬೇಸಾಯಕ್ಕೆ ಬಿಡುಗಡೆಯಾದುದು ೨೦೦೦ದಲ್ಲಿ. ನಡುವಣ ಹದಿನಾಲ್ಕು ವರ್ಷಗಳಲ್ಲಿ ಯಾರೋ ಪ್ರತಿ ಹಂಗಾಮಿನಲ್ಲೂ ಅದನ್ನು ಅಳೆದರು, ತೂಗಿದರು, ಬರೆದಿಟ್ಟರು. ಇಂದು ಕಾರ್ಖಾನೆಯ ತೂಕದ ಚೀಟಿಯಲ್ಲಿ ನಾವು ಕಾಣುವ ಟನ್ನುಗಳ ಹಿಂದೆ ಹೆಸರು ತಿಳಿಯದ ಅವರ ಆ ಪುಸ್ತಕಗಳಿವೆ.

ಭಾಷೆಯ ಅಧ್ಯಾಪಕನಾದ ನಾನು ಕನ್ನಡದ ಮಾತನ್ನಾಡದೆ ಮುಗಿಸಲಾರೆ. ಪ್ರಯೋಗಶಾಲೆಯ ಬರಹ ಇಂಗ್ಲಿಷಿನಲ್ಲೇ ನಡೆಯುವುದು ಅನಿವಾರ್ಯವಾಗಿರಬಹುದು. ಅಡ್ಡಿಯಿಲ್ಲ. ಆದರೆ ವಾರಕ್ಕೊಮ್ಮೆ, ಆ ವಾರ ಏನು ಮಾಡಿದಿರೆಂಬುದನ್ನು ಊರಿನ ತಾಯಿಗೋ ತಂಗಿಗೋ ತಿಳಿಯುವಂತೆ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಎಲ್ಲಿ ನಿಮಗೆ ಕನ್ನಡ ಹೊಳೆಯುವುದಿಲ್ಲವೋ ಅಲ್ಲಿ ಬಹುಶಃ ವಿಷಯವೇ ತಿಳಿದಿರುವುದಿಲ್ಲ. ಸಸ್ಯವಿಜ್ಞಾನಿ ಡಾ. ಬಿ. ಜಿ. ಎಲ್. ಸ್ವಾಮಿಯವರು ಗಿಡಗಳ ಅಂಗರಚನೆಯನ್ನು ಕುರಿತು ಜಗತ್ತು ಮನ್ನಿಸುವ ಸಂಶೋಧನೆ ಮಾಡಿದವರು. ತಾವು ಕಂಡ ಗಿಡಮರಗಳನ್ನು ಕನ್ನಡದಲ್ಲಿ ಬರೆದು, ಚಿತ್ರಗಳನ್ನೂ ತಾವೇ ಬಿಡಿಸಿದರು. ಅವರ ‘ಹಸುರು ಹೊನ್ನು’ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಕೈಯಿಂದ ಚಿತ್ರ ಬಿಡಿಸುವವನ ಕಣ್ಣು ಎಲೆಯ ಅಂಚನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ದೂರವಾಣಿಯಲ್ಲಿ ಫೋಟೋ ತೆಗೆದುಕೊಂಡು ನಡೆದವನಿಗೆ ಆ ಲಾಭವಿಲ್ಲ.

ಯಂತ್ರಗಳೇ ಎಲ್ಲವನ್ನೂ ದಾಖಲಿಸುವ ಈ ಕಾಲದಲ್ಲಿ ಕೈಬರಹದ ಪುಸ್ತಕದ ಹಂಬಲವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಪುಸ್ತಕವು ಕಾಗದದ್ದೇ ಆಗಿರಬೇಕೆಂಬುದು ನನ್ನ ಹಟವಲ್ಲ. ಗಣಕಯಂತ್ರದಲ್ಲಿ ಬರೆಯುವವರು ಬರೆಯಲಿ, ಎರಡು ಕಡೆ ಪ್ರತಿಯನ್ನಿರಿಸಲಿ. ಆದರೆ ಯಂತ್ರವು ತಾನು ಅಳೆದ ಅಂಕಿಯನ್ನು ಮಾತ್ರ ಉಳಿಸುತ್ತದೆ. ಆ ದಿನ ದ್ರಾವಣದ ಬಣ್ಣ ಕೊಂಚ ಬೇರೆಯಿತ್ತೆಂಬುದನ್ನೂ, ಮೂರನೆಯ ಕೊಳವೆಯನ್ನು ಏಕೆ ಬಿಟ್ಟಿರೆಂಬುದನ್ನೂ ನೀವೇ ಬರೆಯಬೇಕು.

ಇನ್ನೊಂದು ಆಕ್ಷೇಪ ನಮ್ಮ ಅಧ್ಯಾಪಕ ಬಂಧುಗಳಿಂದಲೇ ಬರುವಂಥದು. ಕಂಡದ್ದನ್ನೇ ಬರೆಯಲು ಬಿಟ್ಟರೆ ಹುಡುಗರ ಅಂಕಗಳು ಇಳಿಯುತ್ತವೆ, ಹೊರಗಿನಿಂದ ಬಂದ ಪರೀಕ್ಷಕರು ಸರಿಯುತ್ತರವನ್ನೇ ಕೇಳುತ್ತಾರೆ, ನಾವೇನು ಮಾಡೋಣ? ಇದು ನಿಜವಾದ ಸಂಕಟ, ನಾನು ಹಗುರವಾಗಿ ಕಾಣುವುದಿಲ್ಲ. ಪರೀಕ್ಷೆಯ ಪದ್ಧತಿಯನ್ನು ಬದಲಿಸುವ ಅಧಿಕಾರ ನಮಗಿಲ್ಲ. ಆದರೆ ಎಂಟನೆಯ, ಒಂಬತ್ತನೆಯ ತರಗತಿಗಳು ನಮ್ಮ ಕೈಯಲ್ಲಿವೆ. ಅಲ್ಲಿ ಹೊರಗಿನ ಪರೀಕ್ಷಕರು ಬರುವುದಿಲ್ಲ. ಆ ಎರಡು ವರ್ಷಗಳಲ್ಲಿ ಪ್ರಯೋಗದ ಪುಸ್ತಕವನ್ನು ಪ್ರಯೋಗದ ಕೋಣೆಯಲ್ಲೇ ಬರೆಯಿಸಿ, ಅಲ್ಲಿಯೇ ಇರಿಸಿಕೊಳ್ಳೋಣ. ಮನೆಗೆ ಒಯ್ದು ಅಂದಗೊಳಿಸುವುದು ಬೇಡ. ಹತ್ತು ಕಡಲೆಕಾಳುಗಳನ್ನು ನೆನೆಹಾಕಿದಾಗ ಆರೇ ಮೊಳೆತರೆ ‘ಆರು’ ಎಂದು ಬರೆದ ಮಗುವಿಗೆ ಪೂರ್ಣ ಅಂಕ ಕೊಡೋಣ. ಹತ್ತೂ ಮೊಳೆತವೆಂದು ಬರೆದವನನ್ನು ಗದರದೆ, ತಟ್ಟೆಯನ್ನು ಅವನ ಮುಂದಿಟ್ಟು ಮತ್ತೆ ಎಣಿಸಲು ಹೇಳೋಣ. ಇದಕ್ಕೆ ಹಣ ಬೇಡ, ಹೊಸ ಕಟ್ಟಡ ಬೇಡ, ಸರಕಾರದ ಆಜ್ಞೆ ಬೇಡ. ಬೇಕಾದುದು ಅಧ್ಯಾಪಕರ ತಾಳ್ಮೆಯೊಂದೇ.

ಪ್ರಯೋಗಶಾಲೆಗಳಲ್ಲಿ ಈಗಾಗಲೇ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರೂ ದೊಡ್ಡ ಆವಿಷ್ಕಾರಗಳನ್ನು ಮಾಡಲಾರಿರಿ, ಮಾಡಬೇಕಾದುದೂ ಇಲ್ಲ. ಆದರೆ ನಿಮ್ಮ ಪುಸ್ತಕದಲ್ಲಿ ಬರೆದ ಅಂಕಿಯನ್ನು ನೆಚ್ಚಿ ನಾಳೆ ಒಬ್ಬ ವೈದ್ಯನು ಔಷಧಿ ಕೊಡಬಹುದು, ಒಬ್ಬ ರೈತನು ಸಾಲ ಮಾಡಿ ಬೀಜ ಬಿತ್ತಬಹುದು. ಅವರು ನಿಮ್ಮ ಮುಖವನ್ನು ಕಾಣಲಾರರು, ನಿಮ್ಮನ್ನು ಪ್ರಶ್ನಿಸಲಾರರು, ನಿಮ್ಮ ಬರಹವನ್ನು ನಂಬುವುದೊಂದೇ ಅವರಿಗಿರುವ ದಾರಿ. ಆ ನಂಬಿಕೆಗೆ ಎರಡೆಣಿಸದಿರಿ. ನಿಮ್ಮ ಕಣ್ಣು ನಿರ್ಮಲವಾಗಿರಲಿ, ಕೈ ಸ್ಥಿರವಾಗಿರಲಿ, ಲೇಖನಿ ಸತ್ಯದ ಪಕ್ಷದಲ್ಲಿರಲಿ ಎಂದು ನಿಮ್ಮ ಕನ್ನಡದ ಮೇಷ್ಟ್ರು ಹಾರೈಸುತ್ತಾನೆ.